ಗೌರವ ಕಾರ್ಯದರ್ಶಿ ಸ್ಥಾನದಿಂದ ಬಿಡುಗಡೆ ಪಡೆಯುವುದು ಹೇಗೆ?

ಶಿರಸಿಯಿಂದ ಪ್ರಶ್ನೆ:
ಮಾನ್ಯರೇ, ತಾಲ್ಲೂಕಿನ ತೆರಿಗೆ ಸಲಹೆಗಾರರ ಸಂಘದ ಗೌರವ ಕಾರ್ಯದರ್ಶಿಯಾಗಿ 9 ವರ್ಷ ಕಳೆದಿದ್ದೇನೆ. ತಾಯಿಯವರ ಆರೈಕೆಗಾಗಿ ಹುದ್ದೆ ಬಿಡಬೇಕೆಂದಿದ್ದರೂ, ವಿಷಯ ಎತ್ತಿದಾಗಲೆಲ್ಲ "ಈ ವರ್ಷ ನೀವೇ ಮುಂದುವರಿಯಿರಿ" ಎನ್ನುತ್ತಲೇ ಸಭೆ ಮುಗಿಯುತ್ತದೆ. ನಡಾವಳಿ ಪುಸ್ತಕ, ಮೊಹರು, ಹಳೆಯ ರಸೀದಿಗಳೆಲ್ಲ ನನ್ನ ಮನೆಯ ಕಪಾಟಿನಲ್ಲಿವೆ. ಸಂಘಕ್ಕೆ ತೊಂದರೆಯಾಗದಂತೆ ಹೊರಬರುವ ದಾರಿ ತಿಳಿಸಿ.

ಕಾರವಾರದಿಂದ:
ಬಾಯಿಮಾತು ಸಾಲದು. ಅಧ್ಯಕ್ಷರಿಗೆ ದಿನಾಂಕ ಸಹಿತ ಲಿಖಿತ ರಾಜೀನಾಮೆ ಕೊಟ್ಟು, ಅದನ್ನು ಅಂಗೀಕರಿಸಿದ ನಿರ್ಣಯ ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಸಂಘವು 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ನೋಂದಣಿಯಾಗಿದ್ದರೆ, ವಾರ್ಷಿಕ ಸರ್ವಸದಸ್ಯರ ಸಭೆಯ ಬಳಿಕ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕಾಗುವುದರಿಂದ, ಆ ಸಭೆಯಲ್ಲೇ ಬದಲಾವಣೆಯಾಗುವುದು ಅನುಕೂಲ. ಬ್ಯಾಂಕಿನಲ್ಲಿ ಸಹಿ ಬದಲಾಯಿಸುವುದನ್ನು ಮಾತ್ರ ದಯವಿಟ್ಟು ಮುಂದೂಡಬೇಡಿ. ನಾನು ಅಧ್ಯಕ್ಷ ಸ್ಥಾನ ಬಿಟ್ಟು 5 ತಿಂಗಳಾದರೂ ಚೆಕ್ಕುಗಳು ಸಹಿಗಾಗಿ ನನ್ನ ಕಚೇರಿಗೇ ಬರುತ್ತಿದ್ದವು.

ಕುಮಟಾದಿಂದ:
ಮೇಲಿನವರ ಮಾತು ಸರಿ. ಆದರೆ ಕಾಗದಪತ್ರಕ್ಕಿಂತ ಮೊದಲು ಉತ್ತರಾಧಿಕಾರಿ ಬೇಕು. ಬೈಲಾದಲ್ಲಿ ಅವಕಾಶವಿದ್ದರೆ ಕಿರಿಯ ಸದಸ್ಯರೊಬ್ಬರನ್ನು ಈಗಲೇ ಜಂಟಿ ಕಾರ್ಯದರ್ಶಿಯಾಗಿ ಮಾಡಿಸಿ, ಮುಂದಿನ ಎರಡು ಸಭೆಗಳ ನಡಾವಳಿಯನ್ನು ಅವರಿಂದಲೇ ಬರೆಸಿ. ಕಪಾಟಿನಲ್ಲಿರುವುದನ್ನೆಲ್ಲ ಪಟ್ಟಿ ಮಾಡಿ, ಹಸ್ತಾಂತರಿಸುವಾಗ ಇಬ್ಬರೂ ಸಹಿ ಹಾಕಿ ತಲಾ ಒಂದು ಪ್ರತಿ ಇಟ್ಟುಕೊಳ್ಳಿ. ತಾಯಿಯವರ ವಿಷಯವನ್ನು ಸಭೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿ. ಕೇಳಿದ ಮೇಲೆ ಯಾರೂ ಒತ್ತಾಯಿಸಲಾರರು.

ಶಿರಸಿಯಿಂದ:
ಇಬ್ಬರಿಗೂ ಕೃತಜ್ಞತೆಗಳು. ಯಲ್ಲಾಪುರ ರಸ್ತೆಯಲ್ಲಿ ಕಚೇರಿ ಇರುವ ಯುವ ಸದಸ್ಯೆಯೊಬ್ಬರನ್ನು ಇಂದು ಕೇಳಿದೆ, ಅವರು ಒಪ್ಪಿದ್ದಾರೆ. ಭಾನುವಾರ ಪಟ್ಟಿ ಮಾಡಲು ಕೂರುತ್ತೇವೆ.