ಪದ ಬೇಕು: ಲಾರಿಗೆ ರೇಡಿಯೇಟರ್ "ಆರಿಸುವುದು" – ಗುರುವಾರ ಬೋರ್ಡ್ ಬರೆಸಬೇಕು

ಎಲ್ಲರಿಗೂ ನಮಸ್ಕಾರ,

ಕಲಬುರಗಿಯ ಹುಮನಾಬಾದ್ ರಸ್ತೆಯಲ್ಲಿ ನಮ್ಮ ಅಣ್ಣನ ಗ್ಯಾರೇಜ್ ಇದೆ. ಹಳೇ ಲಾರಿಗೆ ಬೇರೆ ಇಂಜಿನ್ ಕೂಡಿಸುವ ಕೆಲಸ. ಇಂಜಿನ್ ದೊಡ್ಡದಾಯಿತು ಅಂದರೆ ಹಳೇ ರೇಡಿಯೇಟರ್ ಸಾಲುವುದಿಲ್ಲ, ಅದರಲ್ಲೂ ನಮ್ಮ ಕಡೆಯ ಮೇ ತಿಂಗಳ ಬಿಸಿಲಿಗೆ. ಯಾವುದು ಹಾಕಿಸಲಿ, ಅಲ್ಯೂಮಿನಿಯಂದು ತಡೆಯುತ್ತದಾ ಅಂತ ಬಂದವರೆಲ್ಲ ಕೇಳುತ್ತಾರೆ. ಗೋಡೆ ಮೇಲೆ ಬರೆಸಿಬಿಡೋಣ ಅಂತ ಅಣ್ಣ ಒಂದು ಇಂಗ್ಲಿಷ್ ಹಾಳೆ ಕೊಟ್ಟು ಕನ್ನಡ ಮಾಡು ಎಂದ. ಪೇಂಟರ್ ಗುರುವಾರ ಬರುತ್ತಾನೆ.

ತಲೆಬರಹದಲ್ಲೇ ಎಡವಿದ್ದೇನೆ. "ರೇಡಿಯೇಟರ್ ಆರಿಸುವುದು ಹೇಗೆ?" ಅಂತ ಬರೆದಿದ್ದೆ. ಸೇಡಂ ಕಡೆಯಿಂದ ಸಿಮೆಂಟ್ ಹೊರುವ ಡ್ರೈವರ್ ಒಬ್ಬರು ಅಲ್ಲೇ ಚಹಾ ಕುಡಿಯುತ್ತಿದ್ದರು, ಅವರಿಗೆ ತೋರಿಸಿದೆ. ಪೂರ್ತಿ ಓದಿ, "ಎಷ್ಟು ಹೊತ್ತು ಆರಿಸಬೇಕು ಅಂತ ಬರದೇ ಇಲ್ಲಲ್ರಿ?" ಎಂದರು. ಅವರು ಓದಿದ್ದು ತಣ್ಣಗೆ ಮಾಡುವ ಆರಿಸು. ತಪ್ಪು ಅವರದಲ್ಲ. ಹಾಲು ಆರಿಸುತ್ತೇವೆ, ದೀಪ ಆರಿಸುತ್ತೇವೆ. ನಮ್ಮವ್ವ ಮೊರ ಹಿಡಿದು ತೊಗರಿ ಬೇಳೆ ಆರಿಸುವಾಗ ಯಾರಿಗೂ ಗೊಂದಲ ಆಗುವುದಿಲ್ಲ, ಯಾಕಂದರೆ ಬೇಳೆ ಬಿಸಿ ಇಲ್ಲ. ಆದರೆ ಕಾದ ವಸ್ತುವಿನ ಪಕ್ಕ ಆ ಪದ ಇಟ್ಟ ಕೂಡಲೇ ಅರ್ಥ ಆ ಕಡೆ ವಾಲುತ್ತದೆ.

ನನಗೆ ಹೆದರಿಕೆ ಇರುವುದೂ ಅಲ್ಲೇ. ಚದರ ಇಂಚಿಗೆ 15 ಪೌಂಡ್ ಒತ್ತಡ ತಡೆಯುವ ಮುಚ್ಚಳ ಹಾಕಿದರೆ ಒಳಗಿನ ನೀರು ಸುಮಾರು 120 ಡಿಗ್ರಿವರೆಗೂ ಕುದಿಯದೆ ಸುಮ್ನೆ ಕೂತಿರುತ್ತದೆ. ಆರಿಸಲು ಹೋಗಿ ಯಾರಾದರೂ ಮುಚ್ಚಳ ತಿರುವಿದರೆ ಅಷ್ಟೂ ಒಮ್ಮೆಲೇ ಉಕ್ಕಿ ಮುಖಕ್ಕೆ ಬರುತ್ತದೆ. ನಾನು ಬರೆದ ಬೋರ್ಡಿನಿಂದ ಹಾಗೆ ಆಗಬಾರದು.

ಇನ್ನೂ ಮೂರು ಪದ ಬೇಕು. ಒಂದು, ಆಫ್ಟರ್‌ಮಾರ್ಕೆಟ್. ಲಾರಿ ಮಾಡಿದ ಕಂಪನಿ ಬಿಟ್ಟು ಬೇರೆಯವರು ತಮ್ಮದೇ ಹೆಸರಲ್ಲಿ ಮಾಡಿದ ಮಾಲು. ಅಂಗಡಿಯಲ್ಲಿ "ಲೋಕಲ್" ಅನ್ನುತ್ತಾರೆ, ಅದು ಕಳಪೆ ಅನ್ನಿಸುತ್ತದೆ. "ಡೂಪ್ಲಿಕೇಟ್" ಅಂದರಂತೂ ಮೋಸದ ಮಾತಾಯಿತು. ಎರಡು, ಫಿನ್ಸ್, ಅಂದರೆ ನಳಿಕೆಗಳ ನಡುವೆ ಇರುವ ತೆಳು ತಗಡು (ನಳಿಕೆ, ತಗಡು ಸೇರಿದ ಇಡೀ ಭಾಗಕ್ಕೆ ನಮ್ಮಲ್ಲಿ ಜಾಲಿ ಅನ್ನುತ್ತೇವೆ). "ರೆಕ್ಕೆ" ಅಂದರೆ ಅಣ್ಣ ಫ್ಯಾನ್ ಕಡೆ ನೋಡುತ್ತಾನೆ. ಮೂರು, ಸೋಲ್ಡರಿಂಗ್, ಬ್ರೇಜಿಂಗ್, ವೆಲ್ಡಿಂಗ್ ಮೂರಕ್ಕೂ ನಮ್ಮಲ್ಲಿ ಬೆಸುಗೆ ಒಂದೇ. ಇಲ್ಲಿ ಮೂರೂ ಬೇರೆ ಬೇರೆ ಆಗಲೇಬೇಕು.

ದಯವಿಟ್ಟು ಬುಧವಾರ ರಾತ್ರಿಯೊಳಗೆ ಹೇಳಿ.

*

ಮರು: ರೇಡಿಯೇಟರ್ "ಆರಿಸುವುದು"

ಇದು ಒಂದು ಪದ ಅಲ್ಲ, ಎರಡು. ತಣ್ಣಗಾಗುವ ಆಱು ಶಕಟರೇಫದ್ದು, ಅಂದರೆ ಹಳಗನ್ನಡದ ಱ ಅಕ್ಷರದ್ದು, ತಮಿಳಲ್ಲಿ ಇಂದಿಗೂ ಹಾಗೇ ಇದೆ. ನಿಮ್ಮ ಬೇಳೆಯ ಆರಿಸು ಆಯ್ ಬಳಗದ್ದು, ಆಯ್ಕೆಯ ನಂಟು. ಱ ಬಿಟ್ಟುಕೊಟ್ಟದ್ದರ ಫಲ ಇದು. ಅದು ಉಳಿದಿದ್ದರೆ ನಿಮ್ಮ ಡ್ರೈವರ್ ಕಣ್ಣಿಗೇ ವ್ಯತ್ಯಾಸ ಕಾಣುತ್ತಿತ್ತು. ನೂರು ಸಲ ಹೇಳಿದ್ದೇನೆ, ಯಾರೂ ಕೇಳುವುದಿಲ್ಲ.

"ಆಯ್ಕೆ" ಅನ್ನಿ, ಮುಗಿಯಿತು. ರೇಡಿಯೇಟರ್ ಯಾಕೆ ಬೇಕು? "ತಣಿಪುಕ" ಅನ್ನಿ. ತಣಿ ನಮ್ಮ ಧಾತು. ಕೂಡಿಸು ಅಂದರೆ ಲೆಕ್ಕ ಕೂಡಿಸು ಅಂತ ಅರ್ಥ, "ಜೋಡಿಸು" ಮಾಡಿ. ಬೋರ್ಡಿನ ಮೇಲೆ ಮಾಲು, ಜಾಲಿ ಇಂಥ ಪಾರಸಿ-ಅರಬ್ಬಿ ಸಾಮಾನು ತುಂಬಬೇಡಿ. ನಿಮ್ಮ ಕಡೆ ಅದು ವಿಪರೀತ.

*

ಮರು: ಮರು: ರೇಡಿಯೇಟರ್ "ಆರಿಸುವುದು"

ಬೀದರ್‌ನಿಂದ. ತಣಿಪುಕ ನಡೆಯಲ್ಲ. ನಿಘಂಟಿನಲ್ಲಿ "ವಿಕಿರಕ" ಇದೆ, ಅದೂ ಬೇಡ, ಎಕ್ಸ್‌ರೇ ಕೋಣೆ ನೆನಪಾಗುತ್ತದೆ. ಬ್ರೇಜಿಂಗ್‌ಗೆ "ಕುಲುಮೆ ಬೆಸುಗೆ" ಆಗುತ್ತದಾ ನೋಡಿ. ಅಂದ ಹಾಗೆ "ಜರ್ಮನ್ ರೇಡಿಯೇಟರ್" ಅಂತ ಮಾತ್ರ ಬರೆಯಬೇಡಿ. ನಮ್ಮ ಊರಲ್ಲಿ ಅಲ್ಯೂಮಿನಿಯಂ ಪಾತ್ರೆಗೆ ಜರ್ಮನ್ ಪಾತ್ರೆ ಅನ್ನುತ್ತೇವೆ, ಲಾರಿಯವರು ಜರ್ಮನಿಯಿಂದ ಬಂದದ್ದು ಅಂದುಕೊಂಡಾರು.

*

ಮರು: ಮರು: ಮರು: ರೇಡಿಯೇಟರ್ "ಆರಿಸುವುದು"

ಇಬ್ಬರಿಗೂ ಧನ್ಯವಾದ. ಱ ವಿಷಯ ಒಪ್ಪಿದೆ ಸರ್. ಆದರೆ ಆ ಅಕ್ಷರ ವಾಪಸ್ ತಂದರೂ ಕೇಳುವ ಕಿವಿಗೆ ಎರಡೂ ಒಂದೇ ಅಲ್ವಾ? ನಮ್ಮ ಬೋರ್ಡನ್ನು ಅರ್ಧ ಜನ ಓದುವುದಿಲ್ಲ, ಕ್ಲೀನರ್ ಹುಡುಗ ಗಟ್ಟಿಯಾಗಿ ಓದಿದ್ದನ್ನು ಕೇಳುತ್ತಾರೆ. "ಆಯ್ಕೆ" ಕೂಡ ಬೇಡ ಅನ್ನಿಸಿತು, ಪರೀಕ್ಷೆ ಪೇಪರ್ ಇದ್ದ ಹಾಗೆ ಇದೆ. "ಯಾವ ರೇಡಿಯೇಟರ್ ತಗೋಬೇಕು?" ಅಂತಲೇ ಬರೆಸುತ್ತೇನೆ.

ತಣಿಪುಕ ಆಗುವುದಿಲ್ಲ. ಧಾತು ಎಷ್ಟೇ ಚೆನ್ನಾಗಿರಲಿ, ಗ್ಯಾರೇಜಿಗೆ ಬಂದು "ತಣಿಪುಕ ಸೋರುತ್ತಿದೆ" ಅನ್ನುವ ಒಬ್ಬ ಮನುಷ್ಯ ಬೇಕು. ವಿಕಿರಕದ ಬಗ್ಗೆ ಬೀದರ್‌ನವರು ಹೇಳಿದ್ದು ಸರಿ, ಅದಕ್ಕೆ ಇನ್ನೊಂದು ಕಾರಣವೂ ಇದೆ. ಈ ವಸ್ತು ಬಿಸಿಯನ್ನು ಕಿರಣವಾಗಿ ಬಿಡುವುದು ಸ್ವಲ್ಪವೇ. ಹೆಚ್ಚಿನ ಪಾಲನ್ನು ಜಾಲಿಯೊಳಗೆ ನುಗ್ಗುವ ಗಾಳಿ ಹೊತ್ತುಕೊಂಡು ಹೋಗುತ್ತದೆ. ಇಂಗ್ಲಿಷಿನವರು ಇಟ್ಟ ಹೆಸರೇ ಸರಿಯಾಗಿ ಹೊಂದುವುದಿಲ್ಲ, ಅದನ್ನು ನಾವು ಸಂಸ್ಕೃತಕ್ಕೆ ತಿರುಗಿಸಿ ಯಾಕೆ ಹೊರಬೇಕು?

ಇನ್ನು ಪಾರಸಿ ಮಾತು. ಬೇಜಾರಾಯಿತು ಸರ್, ಅದಕ್ಕೆ ನೇರ ಹೇಳುತ್ತೇನೆ. ಜಾಲಿ ಪಾರಸಿ ಅಲ್ಲ, ಸಂಸ್ಕೃತದ ಜಾಲದ್ದು. ನೀವು ಬೈಯಲು ಬಳಸಿದ "ಸಾಮಾನು" ಪಾರಸಿ. ನೀವು ದಿನಾ ಓಡಾಡುವ ರಸ್ತೆಯೂ ಪಾರಸಿ. 1948ರವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು, ನಮ್ಮಜ್ಜ ಶಾಲೆಯಲ್ಲಿ ಕಲಿತದ್ದು ಉರ್ದು, ಮನೆಯಲ್ಲಿ ಆಡಿದ್ದು ಕನ್ನಡ. ಮಾಲು, ಬದಲಿ, ತಾಕತ್ತು ಇವೆಲ್ಲ ಅವರ ಬಾಯಲ್ಲಿ ಕನ್ನಡವೇ ಆಗಿದ್ದವು. ರಾಷ್ಟ್ರಕೂಟರ ಮಾನ್ಯಖೇಟ ಇವತ್ತಿನ ಮಳಖೇಡ, ನಮ್ಮ ಸೇಡಂ ತಾಲ್ಲೂಕಿನದೇ ಊರು. ನಮ್ಮ ಕಡೆಯ ಕನ್ನಡ ಕಲಬೆರಕೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಕೂಡಿಸು ಕೂಡ ಹಾಗೇ. ನಿಮಗೆ ಲೆಕ್ಕ, ನಮಗೆ ಕೂರುವಂತೆ ಇಡುವುದು. ಇಂಜಿನ್ನನ್ನು ಚಾಸಿ ಮೇಲೆ ಕೂಡಿಸುತ್ತಾರೆ, ಜೋಡಿಸುವುದು ಬಿಡಿಭಾಗಗಳನ್ನು.

ಈ ಮಧ್ಯೆ ಫಿನ್ಸ್‌ಗೆ ಪದ ಸಿಕ್ಕಿತು. ನಿನ್ನೆ ಒಂದು ಹೊಸ ಅಲ್ಯೂಮಿನಿಯಂ ರೇಡಿಯೇಟರ್ ಬಿಚ್ಚಿ ಬೆಂಚಿನ ಮೇಲೆ ಇಟ್ಟಿದ್ದರು. ಬಗ್ಗಿ ನೋಡಿದರೆ ಎರಡು ಚಪ್ಪಟೆ ನಳಿಕೆಗಳ ನಡುವೆ ತಗಡು ಒಂದರ ಪಕ್ಕ ಒಂದು ಮಡಿಚಿಕೊಂಡು ಕೂತಿದೆ, ಸೀರೆ ನೆರಿಗೆ ಹಿಡಿದ ಹಾಗೆ. ಬೆರಳ ತುದಿಯಿಂದ ಒತ್ತಿದೆ, ಅಷ್ಟಕ್ಕೇ ಬಾಗಿತು. "ನೆರಿಗೆ" ಅಂದೆ. ಅಣ್ಣ ತಲೆ ಎತ್ತದೆ, "ಹೌದು, ನೆರಿಗಿ ಮಡಚಿದ್ರ ಗಾಳಿ ದಾಟಲ್ಲ" ಎಂದ. ಪದ ಹಿಡಿಯಿತು ಅಂತ ಗೊತ್ತಾದದ್ದು ಆಗ. ಬೋರ್ಡಿನಲ್ಲಿ "ಜೋರು ನೀರು ಹೊಡೆದು ತೊಳೆಯಬೇಡಿ, ನೆರಿಗೆ ಮಡಚುತ್ತದೆ" ಅಂತ ಬರುತ್ತದೆ.

ಕುಲುಮೆ ಬೆಸುಗೆಯನ್ನೂ ತೆಗೆದುಕೊಂಡೆ, ಅದು ಕೆಲಸಕ್ಕೂ ಸರಿ ಹೊಂದುತ್ತದೆ. ಅಲ್ಯೂಮಿನಿಯಂ ಜಾಲಿಯನ್ನು ಸುಮಾರು 600 ಡಿಗ್ರಿಯ ಕುಲುಮೆಯಲ್ಲಿಟ್ಟು ಒಂದೇ ಸಲ ಬೆಸೆಯುತ್ತಾರೆ. ಹಳೇ ತಾಮ್ರ-ಹಿತ್ತಾಳೆಯದಕ್ಕೆ "ತವರದ ಬೆಸುಗೆ". ಟ್ಯಾಂಕಿಯದು ವೆಲ್ಡಿಂಗ್ ಅಂತಲೇ ಇರಲಿ. ಈ ವ್ಯತ್ಯಾಸ ಗಿರಾಕಿಗೆ ಬೇಕೇ ಬೇಕು, ಯಾಕಂದರೆ ತವರದ ಬೆಸುಗೆ ಹಾಕುವ ಮೇಸ್ತ್ರಿ ಹತ್ತಿರ ಅಲ್ಯೂಮಿನಿಯಂ ರೇಡಿಯೇಟರ್ ಒಯ್ದರೆ ರಿಪೇರಿ ಆಗುವುದಿಲ್ಲ. ತಾಮ್ರ ಬಿಸಿಯನ್ನು ಅಲ್ಯೂಮಿನಿಯಂಗಿಂತ ಜಾಸ್ತಿ ಸಾಗಿಸುತ್ತದೆ ನಿಜ, ಆದರೆ ಅಲ್ಯೂಮಿನಿಯಂ ನಳಿಕೆಯನ್ನು ಅಗಲ ಮಾಡಬಹುದು, ತೂಕವೂ ಕಡಿಮೆ. ಹಾಗಾಗಿ ಅಗಲ ನಳಿಕೆಯ ಎರಡು ಸಾಲು ಸಣ್ಣ ನಳಿಕೆಯ ನಾಲ್ಕು ಸಾಲಿಗೆ ಸಮ ಆಗಬಹುದು. ಬರೀ ಸಾಲು ಎಣಿಸಿ ದುಡ್ಡು ಕೊಡುವವರೇ ಜಾಸ್ತಿ.

ನೆರಿಗೆ, ಬೆಸುಗೆಯ ಸಾಲುಗಳನ್ನು ಬಿಟ್ಟು ಈಗ ಬೋರ್ಡಿನಲ್ಲಿ ಇಷ್ಟು ಇದೆ:

ಯಾವ ರೇಡಿಯೇಟರ್ ತಗೋಬೇಕು?
ಹಳೇ ರೇಡಿಯೇಟರ್ ನೋಡಿ ಅಳತೆ ಮಾಡಬೇಡಿ, ಹೊಸ ಇಂಜಿನ್ ತಾಕತ್ತು ನೋಡಿ.
ಎಷ್ಟು ಸಾಲು ಅಂತ ಕೇಳಿದ ಮೇಲೆ ನಳಿಕೆ ಎಷ್ಟು ಅಗಲ ಅಂತಲೂ ಕೇಳಿ.
ಪೈಪಿನ ಬಾಯಿ ಇಂಜಿನ್ನಿನ ಯಾವ ಕಡೆ ಬರುತ್ತದೆ ನೋಡಿಕೊಳ್ಳಿ. ಫ್ಯಾನ್ ಕವರ್ ಬಿಡಬೇಡಿ.
ಬೋರಿನ ನೀರು ಬೇಡ, ಒಳಗೆ ಸುಣ್ಣ ಕಟ್ಟುತ್ತದೆ. ಕೂಲೆಂಟ್ ಹಾಕಿ.
ಬಿಸಿ ಇರುವಾಗ ಮುಚ್ಚಳ ಮುಟ್ಟಬೇಡಿ.

ಆಫ್ಟರ್‌ಮಾರ್ಕೆಟ್ ಒಂದು ಬಾಕಿ. "ಬೇರೆ ಕಂಪನಿ ಮಾಲು" ಅಂತ ಹಾಕಿದ್ದೇನೆ. ಇದಕ್ಕಿಂತ ಚಿಕ್ಕದು, ಕಳಪೆ ಅನ್ನಿಸದಂಥದ್ದು ಯಾರಿಗಾದರೂ ಹೊಳೆದರೆ ನಾಳೆ ರಾತ್ರಿಯೊಳಗೆ ಬರೆಯಿರಿ. ಆ ಸಾಲಿಗೆ ಜಾಗ ಬಿಡಲು ಪೇಂಟರ್‌ಗೆ ಹೇಳಿದ್ದೇನೆ.