ಪದವಿ ಪ್ರಮಾಣಕ್ಕೆ ಎರಡು ಲೆಕ್ಕ ಏಕೆ?

ಪ್ರಶ್ನೆ: ಅಮೆರಿಕದ ಕಾಲೇಜು ಕ್ರೀಡಾಪಟುಗಳ ಪದವಿ ಪ್ರಮಾಣವನ್ನು ಸರ್ಕಾರ ಒಂದು ಹೇಳಿದರೆ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಅದಕ್ಕಿಂತ ಹೆಚ್ಚು ಹೇಳುತ್ತದೆ. ಯಾವುದನ್ನು ನಂಬಲಿ?

ಉತ್ತರ: ಎರಡೂ, ಕಾಲೇಜು ಸೇರಿದ ಆರು ವರ್ಷಗಳೊಳಗೆ ಎಷ್ಟು ಮಂದಿ ಪದವಿ ಮುಗಿಸಿದರು ಎಂಬ ಲೆಕ್ಕವೇ. ಕಾಲೇಜು ಬದಲಿಸಿದವನನ್ನು ಸರ್ಕಾರ ಪದವಿ ಮುಗಿಸದವನೆಂದೇ ಎಣಿಸುತ್ತದೆ. ಎನ್‌ಸಿಎಎ ಹೊಸ ಕಾಲೇಜಿನ ಲೆಕ್ಕಕ್ಕೆ ಸೇರಿಸುತ್ತದೆ. ನಾನೂ ಹಾಗೆ ಬದಲಿಸಿದ ಓಟಗಾರ. ಪದವಿಪತ್ರ ಗೋಡೆಯ ಮೇಲಿದೆ, ಹಳೆಯ ಕಾಲೇಜಿನ ಸರ್ಕಾರಿ ಪಟ್ಟಿಯಲ್ಲಿ ಮಾತ್ರ ಓದು ಬಿಟ್ಟವನು!

ಮರುಪ್ರಶ್ನೆ: ಓದಿಗೆ ಕಟ್ಟುಪಾಡೇ ಇಲ್ಲವೇ?

ಉತ್ತರ: ಇದೆ. ನನ್ನ ಕಾಲದಲ್ಲಿ ಎನ್‌ಸಿಎಎಯ ಅತಿ ಮೇಲಿನ ಹಂತವಾದ ಡಿವಿಷನ್ 1ರಲ್ಲಿ ಸ್ಪರ್ಧಿಸುವ ಅರ್ಹತೆ ಉಳಿಯಬೇಕಾದರೆ ಎರಡನೇ ವರ್ಷದ ಕೊನೆಗೆ ಪದವಿಯ ಶೇ 40, ಮೂರನೆಯದಕ್ಕೆ 60, ನಾಲ್ಕನೆಯದಕ್ಕೆ 80ರಷ್ಟು ಮುಗಿದಿರಬೇಕಿತ್ತು. ಆ ಭಯಕ್ಕೇ ರಸಾಯನಶಾಸ್ತ್ರ ಬಿಟ್ಟು ಸುಲಭದ ವಿಷಯ ಹಿಡಿದೆ. ಪ್ರಯೋಗಾಲಯದ ಹೊತ್ತಿಗೇ ಓಟದ ಅಭ್ಯಾಸ ಇರುತ್ತಿತ್ತು.