ಸಪೋಟ ಬಲಿತಿದೆ ಅಂತ ತಿಳಿಯೋದು ಹೇಗೆ?

ಹಿತ್ತಲ ಮನೆ, ಹಾಸನ:
ನಮಸ್ಕಾರ. ನಾವು ಬಾಡಿಗೆಗಿರೋ ಮನೆ ಹಿತ್ತಲಲ್ಲಿ ಒಂದು ಹಳೇ ಸಪೋಟ ಮರ ಇದೆ. ಕಾಯಿ ಗುಂಡಗೆ, ದೊಡ್ಡದು. ತೊಂದರೆ ಏನಂದ್ರೆ ಒಂದೇ ಕೊಂಬೆಯಲ್ಲಿ ಹೂವೂ ಇದೆ, ಗೋಲಿಯಷ್ಟು ಹೀಚೂ ಇದೆ, ದಪ್ಪ ಕಾಯೂ ಇದೆ. ಮಾವಿನ ಥರ ಬಣ್ಣನೂ ತಿರುಗಲ್ಲ. ದಪ್ಪಗಿರೋದನ್ನ ಆರಿಸಿ ಕಿತ್ತು ಅಕ್ಕಿ ಡಬ್ಬದಲ್ಲಿಟ್ರೆ ಕೆಲವು ಚೆನ್ನಾಗಿ ಹಣ್ಣಾಗ್ತವೆ, ಉಳಿದವು ಸುಕ್ಕಾಗಿ ಕೂರ್ತವೆ. ತಿಂದ್ರೆ ಒಗರು, ತುಟಿಗೆಲ್ಲ ಅಂಟು. ನಮ್ಮತ್ತೆ "ಮರದಲ್ಲೇ ಬಿಡು, ಹಣ್ಣಾಗುತ್ತೆ" ಅಂತಾರೆ. ಬಿಟ್ರೆ ಬಾವಲಿ ಪಾಲು. ಏನ್ ಮಾಡ್ಲಿ?

ಅರಸೀಕೆರೆ ಅಕ್ಕ:
ಗಾತ್ರ ನೋಡ್ಬೇಡ ತಂಗಿ, ಸಿಪ್ಪೆ ನೋಡು. ಎಳೇ ಕಾಯಿ ಮೇಲೆ ಕಂದು ಹುಡಿ ದೊರಗಾಗಿ ಅಂಟ್ಕೊಂಡಿರುತ್ತೆ. ಬಲಿತಾ ಬಂದ ಹಾಗೆ ಅದು ಉದುರಿ ಸಿಪ್ಪೆ ನುಣುಪಾಗಿ, ಆಲೂಗಡ್ಡೆ ಬಣ್ಣಕ್ಕೆ ಬರುತ್ತೆ. ಆಮೇಲೆ ಕಾಯಿ ಮರದಲ್ಲಿರೋವಾಗಲೇ ಉಗುರಲ್ಲಿ ಒಂಚೂರು ಗೀರು. ಒಳಗೆ ಹಸಿರು ಕಂಡು ಬಿಳೀ ಹಾಲು ಜಿನುಗಿದ್ರೆ ಮುಟ್ಟಲೇಬೇಡ. ಹಳದಿ ಕಂಡು ಹಾಲು ಇದ್ದೂ ಇಲ್ಲದ ಹಾಗಿದ್ರೆ ಕೀಳು. ತುದೀಲಿ ಒಣಗಿದ ಮುಳ್ಳಿನಂಥದ್ದು ಇರುತ್ತಲ್ಲ, ಬಲಿತ ಕಾಯಲ್ಲಿ ಅದು ಕೈ ಸೋಕಿದ್ರೆ ಉದುರುತ್ತೆ. ನಾನಂತೂ ಮೊದಲು ನೋಡೋದೇ ಅದನ್ನ.

ಹೂವಿಂದ ಹಣ್ಣಿಗೆ ಏಳೆಂಟು ತಿಂಗಳು, ಕೆಲವು ಸಲ ಹತ್ತೂ ಆಗುತ್ತೆ. ಅದಕ್ಕೇ ಒಂದೇ ಕೊಂಬೆಯಲ್ಲಿ ಎಲ್ಲಾ ವಯಸ್ಸಿನವೂ ಇರೋದು. ಒಂದೇ ದಿನ ಮರ ಬೋಳಿಸೋ ಹಣ್ಣಲ್ಲ ಇದು, ವಾರಕ್ಕೊಂದ್ಸಲ ಹೋಗಿ ಆರಿಸ್ಕೋಬೇಕು. ದೋಟಿಗೆ ಬಲೆ ಚೀಲ ಕಟ್ಟಿರು, ನೆಲಕ್ಕೆ ಬಿದ್ದದ್ದು ಪೆಟ್ಟಾದ ಜಾಗದಿಂದಲೇ ಕೊಳೆಯುತ್ತೆ. ಕಿತ್ತಿದ್ದನ್ನ ತೊಟ್ಟು ಕೆಳಗೆ ಮಾಡಿ ಇಡು, ಹಾಲು ಇಳಿದು ಹೋಗ್ಲಿ. ಆಮೇಲೆ ಒಂದು ಬಾಳೆಹಣ್ಣಿನ ಜೊತೆ ಪೇಪರಲ್ಲಿ ಸುತ್ತಿಟ್ರೆ ಐದಾರು ದಿನಕ್ಕೆ ಮೆತ್ತಗಾಗುತ್ತೆ. ಕಾಯಿದ್ದಾಗ ಫ್ರಿಜ್ಜಿಗೆ ಹಾಕಿದ್ರೆ ಕೆಟ್ಟಿತು ಅಂತಲೇ ಲೆಕ್ಕ, ಆಮೇಲೆ ಸರಿಯಾಗಿ ಹಣ್ಣಾಗಲ್ಲ. ಹಣ್ಣಾದ್ಮೇಲೆ ಇಡಬಹುದು.

ಗುಂಡಗೆ ದೊಡ್ಡದು ಅಂದ್ರೆ ಕ್ರಿಕೆಟ್ ಬಾಲ್ ತಳಿ ಇರಬೇಕು. ನೋಡೋಕೆ ಭಾರೀ ಚೆಂದ, ಸಿಹೀಲಿ ಕಾಳಿಪಟ್ಟಿ ಮುಂದೆ ನಿಲ್ಲಲ್ಲ. ನಮ್ಮನೇಲಿ ಎರಡೂ ಇವೆ, ಮೊಮ್ಮಕ್ಕಳು ಮೊದಲು ಖಾಲಿ ಮಾಡೋದು ಕಾಳಿಪಟ್ಟೀನೇ. ಚಿಕ್ಕ ಮಕ್ಕಳಿಗೆ ಕೊಡೋವಾಗ ಬೀಜ ತೆಗೆದೇ ಕೊಡು, ಅದರ ತುದೀಲಿ ಕೊಕ್ಕೆ ಇರುತ್ತೆ, ಗಂಟಲಿಗೆ ಸಿಕ್ಕೊಳ್ಳುತ್ತೆ.

ಮೂಡಿಗೆರೆ ಕಾಫಿ:
ಅಕ್ಕ ಹೇಳಿದ್ದು ಅರಸೀಕೆರೆ ಬಿಸಿಲಿಗೆ ಸರಿ. ನಮ್ಮ ಕಡೆ ಮಳೆಗಾಲದಲ್ಲಿ ಸಿಪ್ಪೆ ಮೇಲೆಲ್ಲ ಪಾಚಿ, ಹುಡಿ ಉದುರಿದೆಯೋ ಇಲ್ವೋ ಗೊತ್ತೇ ಆಗಲ್ಲ. ಉಗುರೇ ಗತಿ. ನಮಗೆ ಬಾವಲಿಗಿಂತ ಹಣ್ಣುನೊಣದ ಕಾಟ ಜಾಸ್ತಿ. ಮೇಲೆ ಚೆನ್ನಾಗಿರುತ್ತೆ, ಬಿಡಿಸಿದ್ರೆ ಒಳಗೆ ಹುಳ. ಉದುರಿದ ಹಣ್ಣನ್ನ ಮರದ ಕೆಳಗೇ ಬಿಡ್ಬೇಡಿ, ಆಳಕ್ಕೆ ಹೂತುಬಿಡಿ. ಮೀಥೈಲ್ ಯುಜಿನಾಲ್ ಬಲೆ ತೂಗುಹಾಕಿ, ಆ ಮದ್ದಿನ ವಾಸನೆಗೆ ಗಂಡು ನೊಣ ಬಂದು ಬೀಳ್ತವೆ. ಮತ್ತೆ ಬುಡದಲ್ಲಿ ನೀರು ನಿಲ್ಲೋಕೆ ಬಿಡ್ಬೇಡಿ.

ಹಿತ್ತಲ ಮನೆ, ಹಾಸನ:
ಥ್ಯಾಂಕ್ಸ್ ಅಕ್ಕ, ಈಗಷ್ಟೇ ಹೋಗಿ ಗೀರಿ ನೋಡ್ದೆ. ಎಲ್ಲಕ್ಕಿಂತ ದಪ್ಪ ಇದ್ದದ್ದು ಒಳಗೆ ಪೂರ್ತಿ ಹಸಿರು, ಅದರ ಪಕ್ಕದ ಸಣ್ಣದು ಹಳದಿ! ಸರ್, ಬಲೆ ತರಿಸ್ತೀನಿ. ಇನ್ನೊಂದು ವಿಷಯ, ಬುಡದಿಂದ ಒಂದು ಚಿಗುರು ಎದ್ದಿದೆ. ಅದರ ಎಲೆ ಬೇರೆ ಥರ, ತುದಿ ಮೊಂಡು, ಕಡು ಹಸಿರು. ಅದೂ ಸಪೋಟಾನೇನಾ?

ಅರಸೀಕೆರೆ ಅಕ್ಕ:
ಅಲ್ಲ, ಅದು ಖಿರ್ನಿ. ಸಪೋಟಾನ ಅದರ ಬೇರಿನ ಮೇಲೇ ಕಸಿ ಕಟ್ಟೋದು. ಬಿಟ್ರೆ ಅದೇ ಮರವಾಗಿ ಮೇಲಿನದನ್ನ ಸೊರಗಿಸುತ್ತೆ. ಇವತ್ತೇ ಬುಡಕ್ಕೆ ಸರಿಯಾಗಿ ಕತ್ತರಿಸು, ಮೋಟು ಬಿಡ್ಬೇಡ. ಮನೆ ಯಜಮಾನರಿಗೆ ಒಂದು ಮಾತು ಹೇಳೇ ಕತ್ತರಿಸು, ಆಮೇಲೆ "ಮರ ಕಡಿದ್ರಿ" ಅಂತ ಶುರು ಮಾಡ್ತಾರೆ.